ಐವತ್ತರಲ್ಲಿ ಬರುವ ಸದ್ದು

2025 ಸೆಪ್ಟೆಂಬರ್ 9, ಮಂಗಳವಾರ

ಈ ನೋಟ್‌ಬುಕ್ಕು ಗಾಡಿಯ ಸಲುವಾಗಿ. ಹುಮನಾಬಾದಿನ ಮೆಕ್ಯಾನಿಕ್ ಖಮರುದ್ದೀನ್ ಬರೆದಿಡಲು ಹೇಳಿದ್ದಾರೆ. ಗಾಡಿ ಸದ್ದು ಮಾಡುತ್ತಿದೆ ಎಂದು ಇವತ್ತು ಅವರ ಗ್ಯಾರೇಜಿಗೆ ಹೋಗಿದ್ದೆ. ಎಂಥ ಸದ್ದು ಎಂದು ಕೇಳಿದರು. ದೊಡ್ಡ ಸದ್ದು ಎಂದೆ.

“ಅಕ್ಕಾ, ಡಾಕ್ಟರ ಕಡೆ ಹೋಗಿ ಬ್ಯಾನಿ ಅದ ಅಂತ ಅಷ್ಟ ಅಂದ್ರ ಅವರಿಗೇನ್ ತಿಳೀತದ್ರಿ? ಎಷ್ಟು ಸ್ಪೀಡಿಗೆ ಬರ್ತದ, ಯಾವ ಗೇರಿನ್ಯಾಗ, ಕಾಲ ಒತ್ತಿದಾಗೋ ಬಿಟ್ಟಾಗೋ, ಸೀದಾ ರಸ್ತಾದಾಗೋ ತಿರುವಿನ್ಯಾಗೋ, ಎಲ್ಲಾ ಬರದಿಡ್ರಿ. ನನ್ನ ಮುಂದ ಅದು ಸುಮ್ಮನ ಇರ್ತದ” ಎಂದರು.

ಬರೆಯುತ್ತೇನೆ. ಹತ್ತೊಂಬತ್ತು ವರ್ಷದ ಸುಮೋ. ಬಸವಕಲ್ಯಾಣದಲ್ಲಿ ನಮ್ಮದು ಹಗ್ಗ, ಮಳೆಗೆ ಹೊದಿಸುವ ತಾಡಪಾಲು, ಕುಡಗೋಲಿನ ಅಂಗಡಿ. ಸುತ್ತಲ ಹಳ್ಳಿಯ ಅಂಗಡಿಗಳಿಗೆ ಮಾಲು ಹೋಗುವುದೂ ಈ ಗಾಡಿಯಲ್ಲೇ. ನನ್ನ ಗಂಡ ಓಂಪ್ರಕಾಶ ಹದಿಮೂರು ವರ್ಷ ಇದನ್ನು ಓಡಿಸಿದರು, ಸಣ್ಣಪುಟ್ಟ ರಿಪೇರಿಯನ್ನೂ ತಾವೇ ಮಾಡುತ್ತಿದ್ದರು. ಜೂನ್ ಹದಿನೆಂಟಕ್ಕೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಹೋದವು. ಕಾಲು ಸ್ವಲ್ಪ ಬಂದಿದೆ, ಕೋಲು ಹಿಡಿದು ನಡೆಯುತ್ತಾರೆ. ಹೇಳಿದ್ದೆಲ್ಲ ತಿಳಿಯುತ್ತದೆ. ಆಡಲು ಮಾತ್ರ ಒಂದೇ ಪದ ಉಳಿದಿದೆ: ಬ್ಯಾಡ. ನೀರು ಬೇಕಾದರೂ ಬ್ಯಾಡ, ಸಾಕಾದರೂ ಬ್ಯಾಡ. ಇಪ್ಪತ್ತಮೂರು ವರ್ಷದಲ್ಲಿ ಅವರು ನನಗೆ ಹೆಚ್ಚು ಸಲ ಹೇಳಿದ ಪದವೂ ಅದೇ. ಎಂಟು ವರ್ಷದ ಹಿಂದೆ ನಾನು ಡ್ರೈವಿಂಗ್ ಕಲಿತು ಲೈಸೆನ್ಸ್ ತಂದು ತೋರಿಸಿದಾಗಲೂ ಹಾಗೆಯೇ ಅಂದಿದ್ದರು. ಲೈಸೆನ್ಸು ಸೀರೆಗಳ ಕೆಳಗೆ ಹೋಯಿತು.

ಈಗ ಮಂಗಳವಾರ ಮತ್ತು ಶುಕ್ರವಾರ ಹುಮನಾಬಾದಿಗೆ ಮಾತಿನ ಅಭ್ಯಾಸಕ್ಕೆ ಕರೆದೊಯ್ಯಬೇಕು. ಅವರನ್ನು ಬಸ್ಸಿಗೆ ಹತ್ತಿಸುವುದು ಇಳಿಸುವುದು ಒಬ್ಬಳಿಂದ ಆಗುವುದಿಲ್ಲ. ಆಗಸ್ಟ್ ಕೊನೆಯ ವಾರದಿಂದ ಗಾಡಿ ನಾನು ಓಡಿಸುತ್ತಿದ್ದೇನೆ. ಮೊದಲ ದಿನದಿಂದಲೂ ಸದ್ದು ಇದೆ.

ಮೈದುನ ಗುರುಶಾಂತನ ಅಭಿಪ್ರಾಯ ಬೇರೆ. “ಅಣ್ಣ ಓಡಸಾಗ ಈ ಗಾಡಿ ಬೆಣ್ಣಿಯಂಗ ಹೋಗ್ತಿತ್ತು ವೈನಿ. ನೀವು ಕ್ಲಚ್ ಮ್ಯಾಲಿಂದ ಕಾಲೇ ತೆಗೆಯಂಗಿಲ್ಲ” ಎನ್ನುತ್ತಾನೆ. ಇರಬಹುದು. ದೀಪಾವಳಿಯ ನಂತರ ಗಾಡಿ ಕೊಂಡುಕೊಳ್ಳಲು ಘಾಟಬೋರಾಳದವರೊಬ್ಬರು ತಯಾರಿದ್ದಾರಂತೆ, ಅವನೇ ಹುಡುಕಿದ್ದಾನೆ. ಹಳ್ಳಿಗಳಿಗೆ ಮಾಲು ಕಳಿಸುವುದನ್ನೂ ನಿಲ್ಲಿಸಿಬಿಡೋಣ ಎಂದಿದ್ದಾನೆ. ನನಗೆ ಅಡ್ಡಿಯಿಲ್ಲ. ಅಲ್ಲಿಯವರೆಗೆ ಗಾಡಿ ಓಡಿದರೆ ಸಾಕು.

ಸೆಪ್ಟೆಂಬರ್ 12, ಶುಕ್ರವಾರ

ಸದ್ದು: ಘೂಂ… ಘೂಂ… ಒಂದೇ ಸಮನೆ ಅಲ್ಲ, ಬಿಟ್ಟು ಬಿಟ್ಟು. ನಲವತ್ತೈದಕ್ಕೆ ಶುರು. ಐವತ್ತರಲ್ಲಿ ಕಾಲ ಕೆಳಗಿನ ತಗಡು ನಡುಗುತ್ತದೆ. ನಾಲ್ಕನೇ ಗೇರು. ಮೂರನೇ ಗೇರಿನಲ್ಲಿ ಐವತ್ತು ಮಾಡಿ ನೋಡಿದೆ, ಅಲ್ಲೂ ಅಷ್ಟೇ.

ಗಂಡನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿದ್ದೆ. ಪೂರ್ತಿ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮಾತು ಕಲಿಸುವ ಹುಡುಗಿಯ ಹೆಸರು ಮಹಜಬೀನ್. ತಾಳ್ಮೆಯವಳು. ಒಂದು ತಾಸು ಚಿತ್ರ ತೋರಿಸಿದಳು. ಆಕಳು, ಬ್ಯಾಡ. ಕೊಡ, ಬ್ಯಾಡ. ಕೊಡೆ, ಬ್ಯಾಡ.

ಸೆಪ್ಟೆಂಬರ್ 16, ಮಂಗಳವಾರ

ರಾಜೇಶ್ವರ ದಾಟಿದ ಮೇಲಿನ ಇಳಿಜಾರಿನಲ್ಲಿ, ಹಿಂದೆ ಲಾರಿ ಇಲ್ಲದ್ದು ನೋಡಿ, ಐವತ್ತೈದರಲ್ಲಿ ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿದೆ. ಎಂಜಿನ್ ಮೆಲ್ಲಗಾಯಿತು. ಘೂಂ ನಿಲ್ಲಲಿಲ್ಲ. ಹಿಂದಿನಿಂದ ಬ್ಯಾಡ, ಬ್ಯಾಡ ಎಂದು ಎರಡು ಸಲ ಕೇಳಿಸಿತು. ತಿರುಗಿ ನೋಡಲಿಲ್ಲ.

ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ ಸ್ವಲ್ಪ ಬಲಕ್ಕೆ ತೂಗಿಸಿದರೆ ಸದ್ದು ಬದಲಾಗುವುದಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಖಮರುದ್ದೀನ್ ಎರಡು ಪುಟವನ್ನೂ ನಿಂತೇ ಓದಿದರು. “ಎಂಜಿನ್ ಅಲ್ಲ. ಗೇರ್‌ಬಾಕ್ಸೂ ಅಲ್ಲ. ಮೂರನೇದಾಗೂ ನಾಕನೇದಾಗೂ ಒಂದ ಸ್ಪೀಡಿಗೆ ಬರ್ತದಂದ್ರ ಅದು ಗೇರ್‌ಬಾಕ್ಸಿನ ಹಿಂದಿಂದು” ಎಂದರು. ನ್ಯೂಟ್ರಲ್ ಮಾಡಿ ನೋಡಲು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಯಾರೂ ಇಲ್ಲ, ಒಂದನ್ನು ಬಿಡಿಸಿ ನೋಡಿದರೆ ಇನ್ನೊಂದು ತಿಳಿಯುತ್ತದಲ್ಲ ಎಂದೆ. ಪಿ.ಯು.ಸಿ.ಯಲ್ಲಿ ನನ್ನದು ವಿಜ್ಞಾನ ಎಂಬುದನ್ನು ಹೇಳಲಿಲ್ಲ.

ಗಾಡಿಯನ್ನು ಎತ್ತಿ ನಿಲ್ಲಿಸಿ ಹಿಂದಿನ ಎಡಗಾಲಿಯನ್ನು ಅಲ್ಲಾಡಿಸಿದರು. ಬೇರಿಂಗು ಸ್ವಲ್ಪ ಸಡಿಲ, ಬದಲಿಸಿದರು. ಗೇರ್‌ಬಾಕ್ಸಿನ ತಿರುಗುವ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆಯೊಂದು ಹೊಟ್ಟೆಯ ಕೆಳಗಿದೆ. ಅದಕ್ಕೆ ಶಾಫ್ಟ್ ಎನ್ನುತ್ತಾರೆ. ಅದರ ತುದಿಯ ಕೀಲು ಕ್ರಾಸ್. ಅದೂ ಸವೆದಿತ್ತು, ಹೊಸದು ಹಾಕಿದರು.

ವಾಪಸು ಬರುವಾಗ ನಲವತ್ತೈದು: ಇಲ್ಲ. ಐವತ್ತು: ಇದೆ. ಮೊದಲಿಗಿಂತ ಕಡಿಮೆ, ಆದರೆ ಇದೆ.

ಗುರುಶಾಂತ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. “ಸಾಮಾನ ಬದಲಿ ಮಾಡಿದ್ರ ಕೈ ಬದಲಿ ಆಗ್ತದೇನ್ರಿ ವೈನಿ?” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರು ಪಕ್ಕದಲ್ಲೇ ಕುರ್ಚಿಯ ಮೇಲಿದ್ದರು. ಕೋಲಿನ ತುದಿ ನೋಡುತ್ತಿದ್ದರು.

ಅಕ್ಟೋಬರ್ 7, ಮಂಗಳವಾರ

ಈ ಸಲದ ಮಳೆ ಜಾಸ್ತಿ. ಮುಡಬಿಯಲ್ಲಿ ಅಂಗಡಿ ಇಟ್ಟಿರುವ ಸಖುಬಾಯಿ ಫೋನ್ ಮಾಡಿ, “ಸೋಯಾ ತೊಯ್ದು ಹೋಗ್ಲಾಕತ್ತದ, ಮಂದಿ ತಾಡಪಾಲು ಕೇಳಾಕತ್ತಾರ, ನಿಮ್ಮ ಕಡೀಂದ ಒಂದೂ ಬಂದಿಲ್ಲ” ಎಂದಳು. ಮೊನ್ನೆ ಶನಿವಾರ ನಾನೇ ಹೇರಿಕೊಂಡು ಹೋದೆ. ಮನೆಯಲ್ಲಿ ಅವರನ್ನು ಒಬ್ಬರನ್ನೇ ಬಿಡುವಂತಿರಲಿಲ್ಲ. ಹಿಂದೆಲ್ಲ ತಾಡಪಾಲಿನ ಗಂಟು, ಆದ್ದರಿಂದ ಮುಂದಿನ ಸೀಟಿನಲ್ಲಿ ಕೂಡಿಸಿದೆ.

ಎರಡು ಸಂಗತಿ ಬರೆಯಬೇಕು. ಒಂದು, ಭಾರ ಹೇರಿದಾಗ ಹಿಂದಿನ ಭಾಗ ತಗ್ಗುತ್ತದೆ, ಆಗ ಸದ್ದು ನಲವತ್ತಕ್ಕೇ ಬರುತ್ತದೆ. ಭಾರ ಇಳಿಸಿ ಬರುವಾಗ ಮತ್ತೆ ಐವತ್ತಕ್ಕೆ. ಗಾಲಿ ಕೆಟ್ಟಿದ್ದರೆ ಹೀಗಾಗಬಾರದು ಅನಿಸುತ್ತದೆ.

ಎರಡು, ಅವರು ಎಡಗೈ ಬೆರಳಿನಿಂದ ಡ್ಯಾಶ್‌ಬೋರ್ಡಿನ ಮೇಲೆ ತಟ್ಟುತ್ತಿದ್ದರು. ಬೇಸರಕ್ಕೆ ತಟ್ಟುತ್ತಾರೆ ಎಂದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಗೊತ್ತಾಯಿತು, ಅವರು ತಟ್ಟುತ್ತಿದ್ದುದು ಸದ್ದಿನ ಜೊತೆಗೇ. ನನಗೆ ಕೇಳಿಸುವ ಮೊದಲೇ ಬೆರಳು ಶುರುವಾಗುತ್ತಿತ್ತು.

ಸಖುಬಾಯಿ ಚಹಾ ಕೊಟ್ಟಳು. ಅವರ ಬಾಯಿಂದ ಚಹಾ ಇಳಿದದ್ದನ್ನು ನೋಡಿ ಬೇರೆ ಕಡೆ ತಿರುಗಿದಳು. ಒಳ್ಳೆಯವಳು. ಮುಂದಿನ ವಾರ ಇನ್ನೂ ಆರು ಬೇಕಂತೆ.

ಇವತ್ತು ಹುಮನಾಬಾದಿಗೆ ಹೋಗುವಾಗಲೂ ಮುಂದೆಯೇ ಕೂತರು. ಹಿಂದೆ ಜಾಗ ಇತ್ತು.

ಅಕ್ಟೋಬರ್ 14, ಮಂಗಳವಾರ

ಮಹಜಬೀನ್ ಚಿತ್ರ ಬಿಟ್ಟು ಬೇರೆ ದಾರಿ ಹಿಡಿದಿದ್ದಾಳೆ. “ಮಾತಿಗಿಂತ ಮೊದಲ ಸಪ್ಪಳ ಬರ್ತದ್ರಿ. ಕೂಸಿಗೂ ಹಂಗೇ. ಮಳೀದು ಮಾಡ್ರಿ, ನಾಯೀದು ಮಾಡ್ರಿ” ಎಂದಳು. ಅವರು ಮಾಡಲಿಲ್ಲ. ಐವತ್ತೊಂದು ವರ್ಷದ ಮನುಷ್ಯ, ನಾಯಿಯ ಹಾಗೆ ಬೊಗಳಲು ನಾಚಿಕೆ ಇರುತ್ತದೆ. ಬಹಳ ಹೊತ್ತಾದ ಮೇಲೆ ತುಟಿ ಕೂಡಿಸಿ ಘೂಂ… ಘೂಂ… ಎಂದರು.

“ಇದೇನರಿ?”

ನಮ್ಮ ಗಾಡಿ ಎಂದೆ.

ಅವಳಿಗೆ ಖುಷಿಯಾಯಿತು. ನಲವತ್ತಕ್ಕೆ ಹೇಗೆ, ಐವತ್ತಕ್ಕೆ ಹೇಗೆ ಎಂದು ಕೇಳತೊಡಗಿದಳು. ಅವರು ಮಾಡಿ ತೋರಿಸಿದರು. ಅರವತ್ತಕ್ಕೆ ಎಂದಾಗ ಬಾಯಿ ಮುಚ್ಚಿ ಕೂತರು. ಅರವತ್ತಕ್ಕೂ ಇರುತ್ತದಲ್ಲ ಎಂದೆ. ತಲೆ ಅಲ್ಲಾಡಿಸಿದರು.

ಬರುವಾಗ ಹೆದ್ದಾರಿಯಲ್ಲಿ ಅರವತ್ತು ಮಾಡಿದೆ. ಇಷ್ಟು ದಿನ ಐವತ್ತೈದು ದಾಟಿರಲಿಲ್ಲ. ಅರವತ್ತೆರಡರಲ್ಲಿ ಸದ್ದು ಇಲ್ಲ. ಹಿಂದಿನ ಪುಟದಲ್ಲಿ “ಐವತ್ತರ ಮೇಲೆಲ್ಲ ಇದೆ” ಎಂದು ನೋಡದೇ ಬರೆದಿದ್ದೆ. ಹೊಡೆದುಹಾಕಿದ್ದೇನೆ.

ಅಕ್ಟೋಬರ್ 24, ಶುಕ್ರವಾರ

ದೀಪಾವಳಿ ಮುಗಿಯಿತು. ಮಗಳು ಉದಗೀರಿನಿಂದ ಬಂದು ಎರಡು ದಿನ ಇದ್ದು ಹೋದಳು. ಘಾಟಬೋರಾಳದವರು ನವೆಂಬರ್ ಮಧ್ಯದಲ್ಲಿ ಬರುತ್ತಾರೆ ಎಂದು ಗುರುಶಾಂತ ಹೇಳಿದ. ಸದ್ದು ಮತ್ತೆ ಜೋರಾಗಿದೆ.

ಅಕ್ಟೋಬರ್ 31, ಶುಕ್ರವಾರ

ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಂದಾಗ ಹೊಸ ಸದ್ದು. ಗುಬ್ಬಿ ಕೂಗಿದ ಹಾಗೆ ಚಿಂವ್ ಚಿಂವ್. ಗಾಡಿ ಮೆಲ್ಲಗಾದರೆ ಗುಬ್ಬಿಯೂ ಮೆಲ್ಲಗೆ. ರಾಜೇಶ್ವರದ ಹತ್ತಿರ ಅದೂ ನಿಂತು, ಗೇರು ಬದಲಿಸಿದಾಗ ಟಣ್ ಎಂದಿತು. ಎರಡನೇ ಸಲ ಟಣ್ ಎನ್ನುವಷ್ಟರಲ್ಲಿ ಅವರು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಅಪ್ಪಳಿಸಿದರು. ನಾನು ಇನ್ನೂ ಗುರುತು ಹಾಕಿಕೊಳ್ಳುತ್ತಿದ್ದೆ, ಮೂರನೇ ಗೇರು, ಮೂವತ್ತೈದು. ಅವರು ಮತ್ತೆ ಅಪ್ಪಳಿಸಿ ನನ್ನ ತೋಳು ಹಿಡಿದರು. ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ.

ಬಗ್ಗಿ ನೋಡಿದೆ. ಶಾಫ್ಟಿನ ಮುಂದಿನ ಕ್ರಾಸಿನ ಒಂದು ಮುಚ್ಚಳ ಬಿದ್ದುಹೋಗಿತ್ತು. ಶಾಫ್ಟ್ ಒಂದೇ ಬದಿಗೆ ಜೋತುಬಿದ್ದಿತ್ತು. ಹಿಂದೆ ಸಾಲಾಗಿ ಹೈದರಾಬಾದಿನ ಲಾರಿಗಳು ಬರುತ್ತಿದ್ದವು.

ಖಮರುದ್ದೀನ್ ಬರಲು ಎರಡು ತಾಸು ಹಿಡಿಯಿತು. ಅಲ್ಲಿಯವರೆಗೆ ಬೇವಿನ ಮರದ ಕೆಳಗೆ ಕೂತಿದ್ದೆವು. ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ಇತ್ತು. ಅವರಿಗೆ ಎಡಗೈಯಿಂದ ರೊಟ್ಟಿ ಮುರಿಯಲು ಬರುವುದಿಲ್ಲ. ಒಂದು ತುದಿ ನಾನು ಹಿಡಿದರೆ ಇನ್ನೊಂದು ತುದಿ ಅವರು ಎಳೆದು ಮುರಿಯುತ್ತಾರೆ. ಇದನ್ನು ಯಾವಾಗಿನಿಂದ ಹೀಗೆ ಮಾಡುತ್ತಿದ್ದೇವೋ ನೆನಪಿಲ್ಲ.

ಖಮರುದ್ದೀನ್ ಕೆಳಗೆ ಹೊಕ್ಕು ನೋಡಿ ಎದ್ದು ಬಂದರು. “ಇನ್ನೊಂದ್ ಎರಡ್ ಕಿಲೋಮೀಟರ್ ಹೋಗಿದ್ರ ಶಾಫ್ಟ್ ನೆಲಕ್ಕ ಚುಚ್ಚಿ ಗಾಡಿ ಪಲ್ಟಿ ಹೊಡೀತಿತ್ತು. ಯಾವಾಗ ನಿಲ್ಲಸಬೇಕಂತ ನಿಮಗ ಹ್ಯಾಂಗ ತಿಳೀತು?”

ಇವರಿಗೆ ತಿಳಿಯಿತು ಎಂದೆ.

ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಹೊಸ ಕ್ರಾಸ್ ಹಾಕಿ ಐದೇ ವಾರ.

ನವೆಂಬರ್ 4, ಮಂಗಳವಾರ

ಗುರುಶಾಂತ ಗೆಳೆಯನ ಕಾರಿನಲ್ಲಿ ನಮ್ಮನ್ನು ಹುಮನಾಬಾದಿಗೆ ಬಿಟ್ಟುಹೋದ. ಮಾತಿನ ಅಭ್ಯಾಸ ಮುಗಿಸಿ ಗ್ಯಾರೇಜಿಗೆ ಹೋದೆವು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶಾಫ್ಟನ್ನು ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದ್ದರು. ಅದು ಒಂದೇ ಕೊಳವೆ ಎಂದುಕೊಂಡಿದ್ದೆ. ಅಲ್ಲ. ನಡುವೆ ಒಂದರೊಳಗೆ ಒಂದು ಹೋಗುವ ಹಲ್ಲಿನ ಜೋಡಣೆ ಇದೆ. ಎರಡು ತುದಿಗೂ ಕವೆಯ ಹಾಗೆ ಎರಡು ಬೆರಳಿನ ಕಬ್ಬಿಣ, ಅದರಲ್ಲಿ ಕ್ರಾಸ್ ಕೂಡುತ್ತದೆ.

ಖಮರುದ್ದೀನ್ ಹೊಸ ಕ್ರಾಸ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. “ಇದನ್ನ ಹಾಕಲಾಕ ಮನಸಾಗವಲ್ದು ಅಕ್ಕಾ. ಐದ ವಾರದಾಗ ಒಂದು ಕ್ರಾಸ್ ತಿಂದದ ಅಂದ್ರ ಗಲ್ತಿ ಕ್ರಾಸಿಂದಲ್ಲ. ಭಾರ ಹೇರಿದ್ರ ಸಪ್ಪಳ ಮುಂಚೆ ಬರ್ತದ ಅಂತ ನೀವು ಬರದೀರಿ. ಅಂದ್ರ ಶಾಫ್ಟಿಂದೇ ಏನೋ ಅದ. ಆದ್ರ ಬಾಗಿಲ್ಲ, ಉರುಳಿಸಿ ನೋಡೀನಿ, ಬಿಲ್ಕುಲ್ ಸೀದಾ ಅದ.”

ಆಗ ನನ್ನ ಗಂಡ ಕುರ್ಚಿಯಿಂದ ಎದ್ದು ಬ್ಯಾಡ, ಬ್ಯಾಡ ಎನ್ನುತ್ತ ಬಂದರು. ರಿಪೇರಿ ಬೇಡ ಎನ್ನುತ್ತಿದ್ದಾರೆ ಎಂದು ತಿಳಿದು ಖಮರುದ್ದೀನ್ ಕ್ರಾಸನ್ನು ಕೆಳಗಿಟ್ಟರು. ಅವರು ಗೋಣಿಚೀಲದ ಹತ್ತಿರ ನಿಂತು, ಕೋಲು ನನಗೆ ಕೊಟ್ಟು, ಎಡಗೈಯ ಎರಡು ಬೆರಳನ್ನು ಕವೆಯ ಹಾಗೆ ಚಾಚಿದರು. ಬಲಗೈ ನೋಡಿಕೊಂಡರು. ಅದು ಜೋತುಬಿದ್ದಿತ್ತು. ಆಮೇಲೆ ನನ್ನ ಕೈ ನೋಡಿದರು.

ನಾನು ಕೋಲನ್ನು ಗೋಡೆಗೆ ಒರಗಿಸಿ ಎರಡು ಬೆರಳು ಚಾಚಿದೆ. ಅವರು ತಮ್ಮ ಬೆರಳನ್ನು ನನ್ನ ಬೆರಳಿನ ಎದುರು ತಂದರು. ಎರಡು ಕವೆಯೂ ಒಂದೇ ಸಮಕ್ಕೆ ಇದ್ದಾಗ ಹೂಂ ಎನ್ನುವಂತೆ ಗೋಣು ಹಾಕಿದರು. ತಮ್ಮ ಮಣಿಕಟ್ಟನ್ನು ಸ್ವಲ್ಪ ತಿರುಗಿಸಿ ಓರೆ ಮಾಡಿದರು. ಘೂಂ… ಘೂಂ ಎಂದರು. ಮತ್ತೆ ಸಮ ಮಾಡಿ ಸುಮ್ಮನಾದರು.

ಖಮರುದ್ದೀನ್ ಸೀಮೆಎಣ್ಣೆಯ ಬಟ್ಟೆ ತಂದು ನಡುವಿನ ಜೋಡಣೆಯನ್ನು ಒರೆಸತೊಡಗಿದರು. ಗ್ರೀಸು, ಮಣ್ಣು, ಹಳೆಯ ಬಣ್ಣ ಹೋದ ಮೇಲೆ ಎರಡು ಭಾಗದ ಮೇಲೂ ಸಣ್ಣ ಬಾಣದ ಗುರುತುಗಳು ಕಂಡವು. ಎದುರುಬದುರು ಇರಬೇಕಾದ ಬಾಣಗಳ ನಡುವೆ ಮೂರು ಹಲ್ಲಿನ ಅಂತರ.

“ಯಾ ಅಲ್ಲಾ” ಎಂದು ಮೆಲ್ಲಗೆ ಅಂದರು. “ನಿಶಾನಿ ತಪ್ಪಿಸಿ ಕೂಡ್ಸ್ಯಾರ. ನಾ ಎರಡ ಸಲ ತುದಿ ಬಿಚ್ಚೀನಿ, ನಡುವ ಬಿಚ್ಚೇ ಇಲ್ಲ. ಅಕ್ಕಾ, ಇದನ್ನ ನಡುವ ಬಿಚ್ಚಿದವರು ಯಾರು?”

ನನಗೆ ಗೊತ್ತಿಲ್ಲ ಎಂದೆ. ಅವರು ಎಡಗೈಯನ್ನು ಎತ್ತಿ ತಮ್ಮ ಎದೆಯ ಮೇಲೆ ಇಟ್ಟುಕೊಂಡರು.

ಬಾಣ ಕೂಡಿಸಿ, ಹೊಸ ಕ್ರಾಸ್ ಹಾಕಿ ಕೊಟ್ಟರು. ವಾಪಸು: ನಲವತ್ತು, ಇಲ್ಲ. ಐವತ್ತು, ಇಲ್ಲ. ಐವತ್ತೈದು, ಇಲ್ಲ. ಕಾಲ ಕೆಳಗಿನ ತಗಡು ತಣ್ಣಗಿತ್ತು.

ನವೆಂಬರ್ 7, ಶುಕ್ರವಾರ

ಸದ್ದಿಲ್ಲ. ಅವರು ಹಿಂದೆ ಕೂತರು. ನಾನೇ ಹಿಂದಿನ ಬಾಗಿಲು ತೆರೆದೆ.

ನವೆಂಬರ್ 11, ಮಂಗಳವಾರ

ಗಾಡಿಯ ಬಗ್ಗೆ ಬರೆಯಲು ಏನೂ ಉಳಿದಿಲ್ಲ. ಆದರೂ ಇದನ್ನು ಬರೆದಿಡುತ್ತೇನೆ.

ಬರುವಾಗ ರಾಜೇಶ್ವರದ ಆಚೆ, ಅದೇ ಬೇವಿನ ಮರದ ಹತ್ತಿರ, ಗಾಡಿ ನಿಲ್ಲಿಸಿದೆ. ಹಿಂದಕ್ಕೆ ತಿರುಗಿ ಕೇಳಿದೆ.

“ಯಾವಾಗ ಬಿಚ್ಚಿದ್ರಿ? ಯುಗಾದಿಕಿಂತ ಮೊದಲೋ ಆಮ್ಯಾಲೋ?”

ಆಮೇಲೆ ಎಂದಾಗ ಗೋಣು ಹಾಕಿದರು.

“ಗ್ರೀಸ್ ಹಾಕಲಾಕ?”

ಹೌದು.

“ಅಂದ್ರ ಜೂನದಾಗ ಬೀಳೂತನಕ ನೀವು ಓಡ್ಸಾಗೂ ಸಪ್ಪಳ ಇತ್ತು. ನಿಮಗ ಗೊತ್ತಿತ್ತು.”

ಹೌದು.

“ಗುರುಶಾಂತ ನನ್ನ ಕೈಯಿಂದ ಗಾಡಿ ಕೆಡ್ತು ಅಂತ ಎಷ್ಟ್ ಸಲ ಅಂದ. ನೀವು ಅಲ್ಲೇ ಕೂತಿದ್ರಿ. ಬಾಯಿಗೆ ಮಾತಿಲ್ಲ ಖರೆ. ತಲಿ ಅಲ್ಲಾಡಸಾಕ ಬರ್ತಿತ್ತಲ್ಲ.”

ತಲೆ ಅಲ್ಲಾಡಲಿಲ್ಲ. ಕಿಟಕಿಯ ಕಡೆಗೂ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬಂತು. ಲಕ್ವಾ ಆದವರಿಗೆ ಕಾರಣವಿಲ್ಲದೆಯೂ ಕಣ್ಣೀರು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಯಾವುದು ಯಾವ ನೀರೆಂದು ಹೇಳಲು ಬರುವುದಿಲ್ಲ.

ನನ್ನ ದನಿ ಜೋರಾಗಿತ್ತು. ಇಪ್ಪತ್ತಮೂರು ವರ್ಷದಲ್ಲಿ ಅವರ ಮೇಲೆ ನಾನು ಇಷ್ಟು ಜೋರು ಮಾಡಿದ್ದಿಲ್ಲ. ಅದನ್ನು ಈಗ ಬರೆಯುವಾಗ ಗಮನಿಸುತ್ತಿದ್ದೇನೆ. ಹಾಗೆಯೇ ಇನ್ನೊಂದು, ಸಾಲಾಗಿ ಮೂರು ಪ್ರಶ್ನೆಗೆ ಅವರಿಂದ ಉತ್ತರ ಬಂದದ್ದೂ ಇದೇ ಮೊದಲು. ಮೊದಲೆಲ್ಲ ಮಾತು ಇದ್ದಾಗ ಎರಡನೇ ಪ್ರಶ್ನೆಗೇ ಎದ್ದು ಹೋಗುತ್ತಿದ್ದರು.

ಮರದ ಕೆಳಗಿನಿಂದ ಹೊರಟಾಗ ಅವರು ಮುಂದೆ ಬಂದು ಕೂತರು. ಇಳಿದು ಹತ್ತಲು ಹತ್ತು ನಿಮಿಷ ಹಿಡಿಯಿತು. ಕಾಯ್ದೆ.

ನವೆಂಬರ್ 16, ಭಾನುವಾರ

ಗಾಡಿ ನೋಡಲು ಘಾಟಬೋರಾಳದಿಂದ ಪಂಡರಿ ಎನ್ನುವವರು ಬಂದಿದ್ದರು. ಕುರಿ ಸಾಕುವವರು, ಮರಿಗಳನ್ನು ಸಂತೆಗೆ ಒಯ್ಯಲು ಗಾಡಿ ಬೇಕು. ಕಡಿಮೆ ಮಾತಿನ ಮನುಷ್ಯ. ಓಡಿಸಿ ನೋಡಿ ಎಂದು ಗುರುಶಾಂತ ಹೇಳಿದ. “ನನಗ ಬರಂಗಿಲ್ರಿ, ನನ ಮಗ ಓಡಸ್ತಾನ. ಅಕ್ಕೋರೇ ಓಡಸಲಿ, ನಾ ಕೇಳ್ತೀನಿ” ಎಂದರು.

ಗುರುಶಾಂತ ಮತ್ತು ಪಂಡರಿ ಹಿಂದೆ, ಅವರು ಮುಂದೆ. ಊರು ದಾಟಿ ಬಂಗ್ಲಾ ರಸ್ತೆಯಲ್ಲಿ ಐವತ್ತಕ್ಕೆ ತಂದೆ. ಪಂಡರಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕೇಳಲು ಏನೂ ಇರಲಿಲ್ಲ.

“ಈ ಗಾಡಿ ದಾರ್‍ಯಾಗ ನಿಂತಿತ್ತಂತಲ್ರಿ?” ಎಂದರು.

“ನಿಂತಿತ್ರಿ, ಈಗ ಹೊಸ ಸಾಮಾನ ಹಾಕೇವಿ” ಎಂದ ಗುರುಶಾಂತ. “ಅಸಲ್ ಗಾಡೀದೇನ್ ದೋಷ ಇಲ್ರಿ. ನಮ್ಮ ವೈನಿ ಹೊಸದಾಗಿ ಕಲತು ಓಡಸಾಕತ್ತಾರ, ಅದಕ್ಕ ಜರಾ ತ್ರಾಸ್ ಆಗಿತ್ತು.”

ನಾನು ರಸ್ತೆ ನೋಡುತ್ತಿದ್ದೆ.

“ನಂದ.”

ಯಾರು ಅಂದರು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ಸೀಟಿನಲ್ಲಿ ಅರ್ಧ ತಿರುಗಿ ತಮ್ಮನ ಕಡೆ ನೋಡುತ್ತಿದ್ದರು. ಕೈ ಎದೆಯ ಮೇಲಿತ್ತು.

“ನಂದ” ಎಂದು ಮತ್ತೆ ಅಂದರು. ನಾಲಿಗೆ ತೊಡರಿತು, ಆದರೆ ಬೇರೆ ಯಾವ ಪದವೂ ಅಲ್ಲ, ಅದೇ.

ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ. ಗುರುಶಾಂತ ಮುಂದಕ್ಕೆ ಬಾಗಿ ಅಣ್ಣನ ಭುಜ ಹಿಡಿದುಕೊಂಡಿದ್ದ. “ನಿಂದ ಅಣ್ಣಾ. ಗಾಡಿ ನಿಂದೇ ಅದ. ಯಾರ್ ಇಲ್ಲ ಅಂದ್ರು?” ಎಂದ. ಪಂಡರಿಯ ಕಡೆ ತಿರುಗಿ, “ಐದ ತಿಂಗಳ ಮ್ಯಾಲ ಹೊಸಾ ಮಾತ ಆಡ್ಯಾನ್ರಿ. ಗಾಡಿ ನಂದ ಅಂತಾನ. ಹ್ಯಾಂಗ ಮಾರಲಿ, ನೀವೇ ಹೇಳ್ರಿ” ಎಂದ.

“ಇರ್‍ಲಿ ಬಿಡ್ರಿ” ಎಂದರು ಪಂಡರಿ. “ಮನಿಗೆ ನಡೀರಿ, ಒಂದ್ ಕಪ್ ಚಾ ಕುಡಸ್ರಿ, ಅಷ್ಟ ಸಾಕು.”

ಅವರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ಹೇಳಲು ಹೊರಟಿದ್ದು ಗಾಡಿಯ ಮಾತಲ್ಲ, ತಪ್ಪಿನ ಮಾತು. ಮತ್ತೆ ಹೇಳಲೆಂದು ಕೈ ಎತ್ತಿದರು. ಆ ಕೈಯನ್ನು ಹಿಡಿದು ಅವರ ತೊಡೆಯ ಮೇಲೆ ಇಟ್ಟೆ.

“ನನಗ ತಿಳೀತು” ಎಂದೆ.

ಗುರುಶಾಂತನಿಗೆ ತಿದ್ದಿ ಹೇಳಲಿಲ್ಲ. ಹೇಳಿದ್ದರೆ ಗಾಡಿ ಘಾಟಬೋರಾಳಕ್ಕೆ ಹೋಗುತ್ತಿತ್ತು.

ನಾಳೆ ಮುಡಬಿಗೆ ಮಾಲು ಒಯ್ಯಬೇಕು. ಅವರು ಮುಂದೆ ಕೂತರೆ ಹಿಂದೆ ಎಂಟು ತಾಡಪಾಲು ಹಿಡಿಯುತ್ತವೆ.